ಚಾಚಿಯ ಎಮ್ಮೆ ಕ್ಯಾಲೆಂಡರಿನಲ್ಲಿ ನನ್ನ ಕೆಂಪು ಗೀಟು

ಚಾಚಿಯ ಬಲಗೈ ಹೆಬ್ಬೆರಳಿನ ಗೆಣ್ಣು ಹುಣಸೆಬೀಜದಷ್ಟು ಉಬ್ಬಿ, ಕರ್ರಗೆ ಗಟ್ಟಿಯಾಗಿತ್ತು. ಹೆಬ್ಬೆರಳು ಒಳಗೆ ಮಡಚಿಕೊಂಡು ಮೂವತ್ತು ವರ್ಷ ಎಮ್ಮೆ ಹಿಂಡಿದ ಗುರುತು ಅದು. ಮಾತಾಡುವಾಗ ಅದೇ ಗೆಣ್ಣಿನಿಂದ ಎದುರಿಗಿದ್ದವರ ಮೊಣಕಾಲಿಗೆ ಕುಟ್ಟುತ್ತಿದ್ದಳು. ಕುಟ್ಟಿದಳು ಎಂದರೆ ಮಾತು ಮುಖ್ಯದ್ದು ಎಂದು ತಿಳಿಯಬೇಕು. ನನ್ನ ಮೊಣಕಾಲು ಎಷ್ಟು ಪೆಟ್ಟು ತಿಂದಿದೆಯೋ ನಾನೇ ಹೇಳಲಾರೆ.

ಸಿಂದಗಿಯ ಹೈಸ್ಕೂಲಿಗೆ ನಾನು ಗಣಿತ ಕಲಿಸಲು ಬಂದಾಗ ಬಾಡಿಗೆಗೆ ಸಿಕ್ಕದ್ದು ಆಕೆಯ ಮನೆಯ ಮುಂದಿನ ಎರಡು ಕೋಣೆ. ಹಿಂದೆ ಆಕೆ, ಅದರ ಹಿಂದೆ ಮೂರು ಎಮ್ಮೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಿಂದೂ ಮುಸ್ಲಿಂ ಎನ್ನದೆ ಓಣಿಗೆಲ್ಲ ಆಕೆ ಚಾಚಿ. ಹೊರಗಿನವರ ಎದುರು ನನ್ನನ್ನು ‘ಅಕ್ಕೋರು’ ಎಂದು ದೊಡ್ಡವಳನ್ನಾಗಿ ಮಾಡುತ್ತಿದ್ದಳು. ಅವರು ಹೋದ ಮೇಲೆ ನಾನು ‘ಯವ್ವಾ’. ಹಾಲಿಗೆ ಒಂದು ಹನಿ ನೀರು ಬೆರೆಸಿದವಳಲ್ಲ, ಮಾತಿಗೂ ಅಷ್ಟೇ. ಮೊದಲನೇ ವಾರವೇ ನನ್ನ ಅಡುಗೆ ರುಚಿ ನೋಡಿ, ಸಾಲಿ ಕೆಲಸ ಗಟ್ಟಿಯಾಗಿ ಹಿಡಕೊ ಎಂದಿದ್ದಳು.

ಆಗ ನನಗೆ ಮದುವೆಯಾಗಿ ನಾಲ್ಕು ವರ್ಷ. ಮಗು ಬೇಕು ಎನ್ನುವುದೊಂದು ಬಿಟ್ಟು ತಲೆಯಲ್ಲಿ ಬೇರೇನೂ ಉಳಿದಿರಲಿಲ್ಲ. ನಮ್ಮವರಿಗೆ ಆಲಮಟ್ಟಿಯಲ್ಲಿ ಕಾಲುವೆ ಕೆಲಸ. ತಿಂಗಳಿಗೊಮ್ಮೆ ಮೂರ್ನಾಲ್ಕು ದಿನ ರಜೆ ಹೊಂದಿಸಿಕೊಂಡು ಬರುತ್ತಿದ್ದರು. ವಿಜಯಪುರದ ಡಾಕ್ಟರು ಇಬ್ಬರನ್ನೂ ಪರೀಕ್ಷಿಸಿ, ದೋಷವೇನೂ ಇಲ್ಲ, ಹನ್ನೊಂದರಿಂದ ಹದಿನಾರನೇ ದಿನದೊಳಗೆ ಜೊತೆಗಿರಿ ಎಂದು ಚೀಟಿ ಬರೆದುಕೊಟ್ಟಿದ್ದರು. ಅಂಡ ಬಿಡುಗಡೆಯಾಗುವ ಹೊತ್ತನ್ನು ತಿಳಿಸುವ ಪಟ್ಟಿಗಳನ್ನೂ ತೆಗೆದುಕೊಳ್ಳಲು ಹೇಳಿದ್ದರು. ಮೂತ್ರದಲ್ಲಿ ಅದ್ದಿ ಇಟ್ಟರೆ ಎರಡು ಗೀಟು ಒಂದೇ ಸಮ ಗಾಢವಾಗಿ ಮೂಡಬೇಕು, ಮೂಡಿದರೆ ಹೊತ್ತು ಬಂತು ಎಂದರ್ಥ.

ಗಣಿತದವಳಲ್ಲವೇ, ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಕೋಷ್ಟಕ ಹಾಕಿದೆ. ನನ್ನ ಮುಟ್ಟು ಇಪ್ಪತ್ತೆಂಟು ದಿನಕ್ಕೆ ಬರುವುದು, ಒಂದು ದಿನ ಆಚೆ ಈಚೆ. ಕೋಷ್ಟಕ ನೋಡಿ ನಮ್ಮವರಿಗೆ ರಜೆ ಹಾಕಿಸುತ್ತಿದ್ದೆ. ಒಂಬತ್ತು ತಿಂಗಳು ಹೀಗೆ ನಡೆಯಿತು. ಪ್ರತಿ ತಿಂಗಳೂ ಒಂದು ಗೀಟು ಗಾಢ, ಇನ್ನೊಂದು ಕಂಡೂ ಕಾಣದಂತೆ. ನನ್ನಲ್ಲಿ ಅಂಡವೇ ಬಿಡುಗಡೆಯಾಗುತ್ತಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡು ಬಿಟ್ಟೆ. ಮನೆಗೆ ಬಂದ ಗಂಡನ ಜೊತೆ ನಗುವುದೂ ಮರೆತುಹೋಗಿತ್ತು. ತಪಾಸಣೆಗೆ ಬಂದ ಅಧಿಕಾರಿಯ ಹಾಗೆ ಕಾಣತೇನೇನು ನಿನಗ ಎಂದು ಅವರು ಒಮ್ಮೆ ಕೇಳಿದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಚಾಚಿಯ ಬಳಿಯೂ ಒಂದು ಕೋಷ್ಟಕ ಇತ್ತು. ಕಿರಾಣಿ ಅಂಗಡಿಯವರು ಕೊಟ್ಟ ಕ್ಯಾಲೆಂಡರು, ಕೊಟ್ಟಿಗೆಯ ಗೋಡೆಗೆ ತೂಗುಬಿಟ್ಟದ್ದು. ಆಕೆಗೆ ಅಕ್ಷರ ಬಾರದು, ಅಂಕಿ ಬರುತ್ತಿತ್ತು. ಎಮ್ಮೆ ಬೆದೆಗೆ ಬಂದ ದಿನದ ಮೇಲೆ ಗೀಟು ಎಳೆಯುತ್ತಿದ್ದಳು: ದೊಡ್ಡ ಎಮ್ಮೆಗೆ ಇದ್ದಿಲು, ನಡುವಿನದಕ್ಕೆ ಬಟ್ಟೆಗೆ ಹಾಕುವ ನೀಲಿ, ಸಣ್ಣದಕ್ಕೆ ಮೆಹಂದಿ. ಆ ದಿನ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು, ಆಮೇಲೆ ಹಾಲಿನ ವರ್ಷವೇ ಹಿಂದೆ ಬೀಳುತ್ತದೆ. ಆಕಳಾದರೆ ಕೂಗಿ ಊರಿಗೆಲ್ಲ ಹೇಳುತ್ತದಂತೆ, ಎಮ್ಮೆ ತುಟಿ ಬಿಚ್ಚುವುದಿಲ್ಲವಂತೆ. ಹಾಗಾಗಿ ಬೆಳಗೆದ್ದು ಮೊದಲು ಎಮ್ಮೆಯ ಹಿಂದೆ ಹೋಗಿ ನೋಡುವುದು, ತತ್ತಿಯ ಬಿಳಿ ಲೋಳೆಯಂಥದ್ದು ಎಳೆಯಾಗಿ ಜೋತಾಡಿದರೆ ಆ ಹೊತ್ತಿಗೇ ಗಬ್ಬ ಕಟ್ಟಿಸಲು ದನದ ದವಾಖಾನೆಗೆ ಹೊಡೆದುಕೊಂಡು ಹೋಗುವುದು.

ಒಂದು ಬೆಳಿಗ್ಗೆ, ಅದೇ ಒಂಟಿ ಗೀಟಿನ ಪಟ್ಟಿ ಹಿಡಿದು ನಾನು ಬಚ್ಚಲ ಮೆಟ್ಟಿಲ ಮೇಲೆ ಅಳುತ್ತ ಕೂತಿದ್ದೆ. ಚಾಚಿ ಹಾಲಿನ ಬಕೆಟ್ಟು ಪಕ್ಕಕ್ಕಿಟ್ಟು ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ಎಲ್ಲವನ್ನೂ ಬಿಡಿಸಿ ಹೇಳಿದೆ. ಕೇಳಿ ಮುಗಿಸಿ, ಇವತ್ತು ಎಷ್ಟನೇ ದಿನ ಎಂದಳು. ಹನ್ನೊಂದು ಎಂದೆ. ಆಕೆ ಬೆರಳು ಮಡಚಿ ಮಡಚಿ ಏನೋ ಎಣಿಸಿದಳು. ನಮ್ಮಿಬ್ಬರಿಗೂ ಬಚ್ಚಲು ಒಂದೇ, ಒಲೆಗೆ ಉರಿ ಹಾಕುವವಳು ಆಕೆ. ನನಗೆ ಯಾವತ್ತು ಹೆಚ್ಚು ಬಿಸಿನೀರು ಬೇಕಾಯಿತು ಎನ್ನುವುದು ನನಗಿಂತ ಚೆನ್ನಾಗಿ ಆಕೆಗೆ ನೆನಪಿರುತ್ತಿತ್ತು.

“ಯವ್ವಾ, ನೀ ಎಲ್ಲಿಂದ ಎಣಸಾಕತ್ತಿ?”

“ತಲಿಮ್ಯಾಲೆ ನೀರ ಹಾಕ್ಕೊಂಡ ದಿನದಿಂದ.”

ಮೊಣಕಾಲಿಗೆ ಗೆಣ್ಣು ಬಿತ್ತು, ಯಾವತ್ತಿಗಿಂತ ಜೋರಾಗಿ.

“ಡಾಕ್ಟರಿಗೆ ನಿನ್ನ ನೀರಿಂದೇನು ಗೊತ್ತು? ಶುರು ಆದ ದಿನದಿಂದ ಎಣಸಬೇಕು. ಎಮ್ಮಿಗೆ ಯಾರೂ ಐದನೇ ದಿನಕ್ಕ ನೀರ ಹಾಕಂಗಿಲ್ಲ, ಅದಕ್ಕ ಅದರ ಲೆಕ್ಕ ತಪ್ಪಂಗಿಲ್ಲ.”

ಒಳಗೆ ಓಡಿ ಚೀಟಿ ತೆಗೆದೆ. ಮುಟ್ಟಾದ ಮೊದಲ ದಿನದಿಂದ ಎಂದು ಡಾಕ್ಟರು ಸ್ಪಷ್ಟವಾಗಿ ಬರೆದಿದ್ದರು. ಒಂಬತ್ತು ತಿಂಗಳು ಆ ಚೀಟಿ ಓದಿದ್ದೆ. ಆದರೆ ನಮ್ಮ ತವರಿನಲ್ಲಿ ಆ ನಾಲ್ಕು ದಿನ ದಿನಗಳೇ ಅಲ್ಲ. ಐದನೇ ದಿನ ನೀರು ಹಾಕಿಕೊಂಡು ಒಳಗೆ ಬಂದರೆ ಅದೇ ಮೊದಲನೇ ದಿನ, ದೇವರ ದೀಪ ಹಚ್ಚುವುದಕ್ಕೂ ಅಲ್ಲಿಂದಲೇ ಎಣಿಕೆ. ಅವ್ವ ಕಲಿಸಿದ ಎಣಿಕೆಯ ಮುಂದೆ ನನ್ನ ಎಂಎಸ್ಸಿ ಗಣಿತ ಬಾಯಿ ಮುಚ್ಚಿಕೊಂಡಿತ್ತು. ನನ್ನ ಹನ್ನೊಂದು ನಿಜವಾಗಿ ಹದಿನೈದು. ಪ್ರತಿ ತಿಂಗಳೂ ಹೊತ್ತು ದಾಟಿ ಹೋದ ಮೇಲೆ ನಾನು ಬಾಗಿಲು ತೆರೆದು ಕಾಯುತ್ತಿದ್ದೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಚಾಚಿಯನ್ನು ತಬ್ಬಿಕೊಂಡೆ. ಅಷ್ಟು ಹೊತ್ತಿಗೆ ಬೆಕ್ಕು ಬಕೆಟ್ಟಿಗೆ ಬಾಯಿ ಹಾಕಿತ್ತು.

ಮುಂದಿನ ತಿಂಗಳು ಮುಟ್ಟು ಶುರುವಾದ ದಿನವೇ ಚಾಚಿ ನನ್ನ ಕೆಂಪು ಪೆನ್ನು ಇಸಿದುಕೊಂಡು ಹೋಗಿ ತನ್ನ ಕ್ಯಾಲೆಂಡರಿನಲ್ಲಿ ಗೀಟು ಎಳೆದಳು. ಇದ್ದಿಲು, ನೀಲಿ, ಮೆಹಂದಿ, ಅವುಗಳ ಸಾಲಿನಲ್ಲಿ ನಾನು. ಯಾರಾದರೂ ನೋಡಿ ಕೇಳಿದರೆ ಏನು ಗತಿ ಎಂದರೆ, ನಾಲ್ಕನೇ ಎಮ್ಮಿ ತಂದೇನಿ ಅಂತೇನಿ ಎಂದಳು. ಎಮ್ಮೆಯಲ್ಲಿ ನೋಡುವ ಲೋಳೆಯ ಗುರುತನ್ನು ನನ್ನಲ್ಲೂ ನೋಡಿಕೊಳ್ಳಲು ಹೇಳಿಕೊಟ್ಟಳು. ನಾಚಿಕೆಯಿಂದ ಸತ್ತೇಹೋದೆ, ಆದರೂ ನೋಡಿಕೊಂಡೆ. ಹನ್ನೊಂದನೇ ದಿನ ಅದು ಕಂಡಿತು. ಹನ್ನೆರಡನೇ ದಿನ ಬೆಳಿಗ್ಗೆ ಪಟ್ಟಿಯ ಮೇಲೆ ಎರಡು ಗೀಟು, ಎರಡೂ ಗಾಢ. ಪಟ್ಟಿ ಹಿಡಿದು ಬರಿಗಾಲಲ್ಲಿ ಕೊಟ್ಟಿಗೆಗೆ ಓಡಿದೆ. ಚಾಚಿ ಅದನ್ನು ಬಿಸಿಲಿಗೆ ಹಿಡಿದು ನೋಡಿ ‘ಮಾಶಾಲ್ಲಾ’ ಎಂದಳು. ನನ್ನ ಮೈ ಇಷ್ಟು ದಿನ ತನ್ನ ಕೆಲಸ ತಾನು ಮಾಡುತ್ತಲೇ ಇತ್ತಲ್ಲ ಎಂದು ಕುಣಿಯಬೇಕೆನ್ನಿಸಿತು.

ಅಷ್ಟರಲ್ಲಿ ನಮ್ಮವರ ಫೋನು. ಜಲಾಶಯಕ್ಕೆ ನೀರು ನುಗ್ಗಿ ಬರುತ್ತಿದೆ, ಎಲ್ಲರ ರಜೆ ರದ್ದು. ಇನ್ನೊಂದು ತಿಂಗಳು ಹೋಯಿತು ಎಂದೆ. ಚಾಚಿಗೆ ಅದೊಂದು ಅಡ್ಡಿಯೇ ಅನ್ನಿಸಲಿಲ್ಲ.

“ಅವರಿಗೆ ಬರಾಕ ಆಗಂಗಿಲ್ಲ ಅಂದ್ರ ನೀ ಹೋಗು. ಎಮ್ಮಿ ಬೆದಿಗೆ ಬಂದ್ರ ದವಾಖಾನಿ ಮನಿಗೆ ಬರತೈತೇನು?”

ನಾಲ್ಕು ವರ್ಷದಲ್ಲಿ ನನಗಾಗಲಿ ಅವರಿಗಾಗಲಿ ಇದು ಹೊಳೆದಿರಲಿಲ್ಲ. ಅವತ್ತು ಶನಿವಾರ. ಬೆಳಗಿನ ಶಾಲೆ ಮುಗಿಸಿ ಬಸ್ ನಿಲ್ದಾಣಕ್ಕೆ ಬಂದರೆ ಬಸವನ ಬಾಗೇವಾಡಿಯ ಬಸ್ಸು ಹೊರಟೇಬಿಟ್ಟಿತ್ತು. ನನ್ನ ಚೀಲ ಹೊತ್ತು ಬಂದಿದ್ದ ಚಾಚಿ ಸೀದಾ ಬಸ್ಸಿನ ಮುಂದೆ ಹೋಗಿ ನಿಂತಳು. ಕಂಡಕ್ಟರು ಇಳಿದು ಬಂದು, ಯಾರಿಗೆ ಏನಾಗೇತಿ ಎಂದು ಗದರಿದ. “ಯಾರಿಗೂ ಏನೂ ಆಗಿಲ್ಲ. ಆಗಬೇಕಾಗೇತಿ. ಅಕ್ಕೋರನ್ನ ಹತ್ತಿಸ್ಕೊ,” ಎಂದಳು ಚಾಚಿ. ಬಾಗೇವಾಡಿ ಬರುವವರೆಗೂ ನಾನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಲ್ಲಿ ಬಸ್ಸು ಬದಲಿಸಿ, ಸಂಜೆಯ ಹೊತ್ತಿಗೆ ಆಲಮಟ್ಟಿಯ ಕ್ವಾರ್ಟರ್ಸಿನ ಮುಂದೆ ಇಳಿದಾಗ ನಮ್ಮವರು ಗಾಬರಿಯಾಗಿ ಓಡಿ ಬಂದರು. ಕಾರಣ ಕೇಳಿ, ಅಲ್ಲೇ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ನಕ್ಕೆ.

ಅದೇ ತಿಂಗಳು ಆಯಿತು ಎಂದು ಬರೆದರೆ ಓದಲು ಚೆಂದ. ಆಗಲಿಲ್ಲ. ಎಮ್ಮೆಯೂ ಒಂದೇ ಸಲಕ್ಕೆ ಗಬ್ಬ ನಿಲ್ಲುವುದಿಲ್ಲ ಎಂದು ಚಾಚಿ ಸಮಾಧಾನ ಹೇಳಿದಳು. ಈಗ ಮಾತ್ರ ನಾನು ಅಳುವುದನ್ನು ಬಿಟ್ಟಿದ್ದೆ. ಮೂರನೇ ತಿಂಗಳು ಕೆಂಪು ಗೀಟು ಬೀಳಬೇಕಾದ ದಿನ ಬೀಳಲಿಲ್ಲ.

ಚಾಚಿ ಈಗಿಲ್ಲ. ನನಗೆ ಮುದ್ದೇಬಿಹಾಳಕ್ಕೆ ವರ್ಗವಾದ ಮರುವರ್ಷ, ಒಂದು ಚಳಿಗಾಲದಲ್ಲಿ ಹೋಗಿಬಿಟ್ಟಳು. ಸುದ್ದಿ ತಲುಪಿ ನಾನು ಮಗಳನ್ನು ಎತ್ತಿಕೊಂಡು ಓಡುವಷ್ಟರಲ್ಲಿ ಮಣ್ಣಾಗಿತ್ತು. ಆಕೆಯ ಋಣವನ್ನು ನಾನು ಯಾವ ಜನ್ಮದಲ್ಲೂ ತೀರಿಸಲಾರೆ. ನೆನೆದಾಗಲೆಲ್ಲ ನನಗೆ ಕಣ್ಣೆದುರು ಬರುವುದು ಬಸಿರಾದ ಸುದ್ದಿಯನ್ನು ನಾನು ಹೇಳಿದ ಆ ಬೆಳಗು.

ನಮ್ಮವರಿಗೂ ಹೇಳದೆ ಮೊದಲು ಆಕೆಗೆ ಹೇಳಿದೆ. ಕುಣಿಯುತ್ತಾಳೆ ಎಂದುಕೊಂಡಿದ್ದೆ. ಆಕೆ ಮೇವಿನ ಹೊರೆಯ ಮೇಲೆ ಕೂತುಬಿಟ್ಟಳು. ಅಲ್ಲಿಂದಲೇ ಹೇಳಿದಳು:

“ನಮ್ಮ ಮನಿಯವರು ಲಾರಿ ಮ್ಯಾಲೆ ಇರ್ತಿದ್ರು. ತಿಂಗಳಿಗೆ ನಾಕ ದಿನ ಮನಿಗೆ ಬರೋರು. ನಾನೂ ನೀರ ಹಾಕ್ಕೊಂಡ ದಿನದಿಂದನ ಎಣಿಸಿ, ಇಂಥಾ ದಿನ ಬರ್ರಿ ಅಂತಿದ್ದೆ. ಹದಿನೆಂಟು ವರ್ಷ. ಅವರು ಹೋಗಿ, ಎಮ್ಮಿ ಕಟ್ಟಿದ ಮ್ಯಾಲೆ ನನಗ ತಿಳೀತು. ಅದಕ್ಕ ಆಗಲಿಲ್ಲೋ, ಮತ್ತೇನಿತ್ತೋ, ಅಲ್ಲಾಗ ಗೊತ್ತು. ಆದ್ರ ಎಲ್ಲಿಂದ ಎಣಸ್ತಿ ಅಂತ ನನಗ ಒಬ್ರೂ ಕೇಳಲಿಲ್ಲ ಯವ್ವಾ.”

ಆಕೆ ಎದ್ದಳು. ಸೆರಗಿನಿಂದ ಮುಖ ಒರೆಸಿಕೊಂಡು ಹಾಲಿನ ಕೊಡ ಎತ್ತಿಕೊಂಡು ಬಾಗಿಲಿಗೆ ಹೋದಳು. ಅವತ್ತು ಯಾರಿಗೂ ಹಾಲು ಮಾರಲಿಲ್ಲ. ಪಾತ್ರೆ ಹಿಡಿದು ಬಂದವರಿಗೆಲ್ಲ ಪುಕ್ಕಟೆ ತುಂಬಿ ತುಂಬಿ ಹಾಕಿದಳು. ಯಾಕ ಚಾಚಿ, ಏನು ವಿಶೇಷ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ ಕೊಟ್ಟಳು: “ನನ್ನ ಮಗಳು ಬಸರಿ ಅದಾಳ.”