ಬರಿದಲೆಯ ಸಿರುಗುಪ್ಪ

ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಏಣಿ ಹತ್ತಿ, ಗೋಡೆಯ ಮೇಲೆ ಊರಿನ ಹೆಸರು ಬರೆಯುತ್ತಿದ್ದೆ. ಮದರಾಸಿನಲ್ಲಿ ಪುಸ್ತಕದ ಹೊದಿಕೆ, ಬೆಂಕಿಪೊಟ್ಟಣದ ಚೀಟಿ ಎಂದು ಅಂಗೈಯಗಲದ ಕೆಲಸ ಮಾಡಿಕೊಂಡಿದ್ದವನಿಗೆ ಆಳೆತ್ತರದ ಅಕ್ಷರ ಸಿಕ್ಕಿತ್ತು. ಆದರೆ ಬಳ್ಳಾರಿ ಸೀಮೆ ಮೈಸೂರಿಗೋ ಆಂಧ್ರಕ್ಕೋ ಎಂಬ ಜಗಳ ಇನ್ನೂ ಬಗೆಹರಿದಿಲ್ಲ. ಕನ್ನಡದಲ್ಲಿ ಬರೆದರೆ ಒಬ್ಬರು ಡಾಂಬರು ಬಳಿಯುತ್ತಾರೆ, ತೆಲುಗಿನಲ್ಲಿ ಬರೆದರೆ ಇನ್ನೊಬ್ಬರು.

ಅದೃಷ್ಟಕ್ಕೆ ಈ ಹೆಸರು ಎರಡು ಲಿಪಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಅಕ್ಷರದ ನೆತ್ತಿಯ ಮೇಲಿನ ತಲೆಕಟ್ಟು. ಅದನ್ನೇ ಬಿಟ್ಟುಬಿಟ್ಟೆ. 'ಸಿ'ಯ ಗುಡಿಸು ಮಾತ್ರ ಹಟ ಹಿಡಿಯಿತು, ಬಿಟ್ಟರೆ 'ಸಿ'ಯೇ ಉಳಿಯದು. ಅದನ್ನೊಂದು ದುಂಡು ಸೊನ್ನೆ ಮಾಡಿದೆ. ಬಸ್ಸಿಗೆ ಕಾದಿದ್ದವರು ತಮ್ಮ ತಮ್ಮ ಭಾಷೆಯಲ್ಲಿ ಸಲೀಸಾಗಿ ಓದಿಕೊಂಡರು. ನಾನು ಒಳಗೊಳಗೇ ಬೀಗುತ್ತಿರುವಾಗ ಕೆಂಪು ರುಮಾಲಿನ ಮುದುಕರೊಬ್ಬರು ಏಣಿಯ ಬುಡಕ್ಕೆ ಬಂದರು.

"ಊರ ಹೆಸರನ್ನ ಬರೀ ತಲೀಲೆ ನಿಲ್ಲಿಸೀರಲ್ರಿ, ಯಾರಾರ ಸತ್ತಾರೇನು?"

"ಯಾವ ರುಮಾಲು ಸುತ್ತಲಿ ತಾತ? ಕನ್ನಡದ್ದೋ, ತೆಲುಗಿನದ್ದೋ?"

"ಯಾವ್ದಾರ ಸುತ್ರಿ. ಬಿಸಲು ಭಾಳ ಐತಿ."

ಬಿಸಿಲು ನನ್ನ ನೆತ್ತಿಯನ್ನೂ ಸುಡುತ್ತಿತ್ತು. ಯಾರ ಪಕ್ಷವೂ ಬೇಡವೆಂದು, ಚಪ್ಪರ ಹಾಕಿದಂತೆ ಇಡೀ ಹೆಸರಿನ ಮೇಲೆ ಒಂದೇ ಉದ್ದ ಗೆರೆ ಎಳೆದೆ. ತಾತನಿಗೆ ಸಮಾಧಾನವಾಯಿತು.

ಅಷ್ಟರಲ್ಲಿ ಕುರುಗೋಡಿನ ಬಸ್ಸು ಬಂತು. ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಗೋಡೆಯನ್ನು ನೋಡಿದ, ನನ್ನನ್ನು ನೋಡಿದ.

"ಸಿರುಗುಪ್ಪ ಹಿಂದಿಗೆ ಯಾವಾಗ ಹೋತ್ರಿ?"