ಎರಡು ಕೈಯ ಹಾಡು, ಗುರುಗಳ ಒಂದು ಕಿವಿ

ಮುಧೋಳದ ನಮ್ಮ ಮನೆಗೆ ಡಿಜಿಟಲ್ ಪಿಯಾನೊ ಬಂದಾಗ ನನಗೆ ನಲವತ್ತಾರು ವರ್ಷ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಸಂಗೀತವೆಂದರೆ ಚಿಕ್ಕವಳಿದ್ದಾಗ ಜಮಖಂಡಿಯಲ್ಲಿ ಕಲಿತ ಹಾರ್ಮೋನಿಯಂ ಅಷ್ಟೇ. ಅದರಲ್ಲಿ ಎಡಗೈ ಗಾಳಿ ಹಾಕುತ್ತದೆ, ಹಾಡು ಬಲಗೈಯದು. ಮೊಬೈಲಿನಲ್ಲಿ ಪಿಯಾನೊ ಪಾಠ ಹುಡುಕುತ್ತ ಹೋದವಳು ಮುನ್ನೂರು ವರ್ಷ ಹಿಂದಿನ ಯುರೋಪಿನ ಬರೋಕ್ ಸಂಗೀತದಲ್ಲಿ ಸಿಕ್ಕಿಬಿದ್ದೆ. ಅಲ್ಲಿ ಎಡಗೈಯೂ ಹಾಡುತ್ತದೆ. ಬಲಗೈ ಒಂದು ಸಾಲು ಹೇಳಿ ಮುಂದೆ ಹೋದೊಡನೆ ಎಡಗೈ ಅದೇ ಸಾಲನ್ನು ಕೆಳಗಿನ ಸ್ವರಗಳಲ್ಲಿ ಎತ್ತಿಕೊಳ್ಳುತ್ತದೆ. ಆಮೇಲೆ ಯಾವುದೂ ಯಾವುದಕ್ಕೂ ಕಾಯುವುದಿಲ್ಲ.

ಎರಡು ಪುಟದ ಒಂದು ಸಣ್ಣ ರಚನೆಗೆ ಏಳು ತಿಂಗಳು ಹಿಡಿಯಿತು. ಒಂದೊಂದೇ ಕೈ ಚೆನ್ನಾಗಿ ನಡೆಯುತ್ತಿತ್ತು. ಕೂಡಿಸಿದರೆ ನಡುವೆ ಎಲ್ಲೋ ಎಡಗೈ ತನ್ನದನ್ನು ಬಿಟ್ಟು ಬಲಗೈಯ ಬೆನ್ನು ಹತ್ತುತ್ತಿತ್ತು.

"ನಿನ್ನ ಕೈಗೋಳು ಜಗಳಾ ಆಡಾಕತ್ತಾವೇನು?" ಎಂದು ಗಂಡ ಕೇಳಿದರು.

"ಜಗಳಾ ಅಲ್ರಿ. ಯಾವ್ದರ ಮಾತು ಕೇಳ್ಬೇಕಂತ ನನಗ ತಿಳಿವಲ್ದು."

ಕೊನೆಗೆ ಒಂದು ಭಾನುವಾರ ಪಿಯಾನೊವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಬಲಗೈಯನ್ನಷ್ಟೇ ನುಡಿಸಿ ರೆಕಾರ್ಡ್ ಮಾಡಿದೆ. ಅದನ್ನು ಕೇಳುತ್ತ ಎಡಗೈಯನ್ನು ಬೇರೆಯಾಗಿ ನುಡಿಸಿದೆ. ಬಲಗೈಯದು ಬಲಗಿವಿಗೆ, ಎಡಗೈಯದು ಎಡಗಿವಿಗೆ ಬರುವಂತೆ ಕೂಡಿಸಿದೆ. ಕೇಳಿದರೆ ಒಂದು ತಪ್ಪೂ ಇರಲಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ. ನುಡಿಸಿದವಳು ನಾನೇ ಹೌದು. ಆದರೆ ಹಾಗೆ ಎರಡೂ ಕೈ ಕೂಡಿ ನಾನು ಒಮ್ಮೆಯೂ ನುಡಿಸಿರಲಿಲ್ಲ. ಇದು ನನ್ನದು ಎನ್ನಬಹುದೋ ಬೇಡವೋ?

ಕೇಳಲು ಇದ್ದವರು ಒಬ್ಬರೇ, ನನಗೆ ಹಾರ್ಮೋನಿಯಂ ಕಲಿಸಿದ ಗುರುಗಳು. ಮರುವಾರ ಬಸ್ಸು ಹಿಡಿದು ಜಮಖಂಡಿಗೆ ಹೋದೆ. ಎಂಬತ್ತು ದಾಟಿದವರು ಪಡಸಾಲೆಯಲ್ಲಿ ಕುಳಿತಿದ್ದರು. ರೆಕಾರ್ಡಿಂಗನ್ನು ಮೊಬೈಲಿಗೆ ಹಾಕಿಕೊಂಡು ಹೋಗಿದ್ದೆ; ಅದನ್ನು ಹಚ್ಚಿ ಅವರ ಎರಡೂ ಕಿವಿಗೆ ಇಯರ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಸ್ವರ ಸ್ವಚ್ಛ ಅದಾವ, ತಂಗಿ. ಆದ್ರ ಸುರುವಿಗಿ ಯಾಕ ಸುಮ್ನ ಕುಂತಿದ್ದಿ?"

ನನಗೆ ಅರ್ಥವಾಗಲಿಲ್ಲ. ಶುರುವಿನಲ್ಲಿ ಬಲಗೈ ನುಡಿಯುತ್ತಿರುತ್ತದೆ, ಸುಮ್ಮನಿರುವುದು ಎಡಗೈ. "ಸುಮ್ನ ಕುಂತಿಲ್ರಿ" ಎಂದೆ. ಅವರು ಕೇಳಿಸಲೇ ಇಲ್ಲ ಎಂದರು. ಮೊಬೈಲು ಕೆಟ್ಟಿತೇ ಎಂದು ತಿರುಗಿಸಿ ನೋಡುತ್ತಿದ್ದೆ. ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದ ಗುರುಪತ್ನಿ ತಲೆ ಎತ್ತದೆ ಹೇಳಿದರು.

"ಅವರಿಗಿ ಬಲಗಿವಿ ಕೇಳಂಗಿಲ್ಲವ್ವಾ. ಎರಡು ವರ್ಷಾತು. ಯಾರ ಮುಂದೂ ಹೇಳಂಗಿಲ್ಲ."

ನಾನು ಎಲ್ಲಿ ನೋಡಬೇಕೆಂದು ತಿಳಿಯದೆ ಕೈಯಲ್ಲಿದ್ದ ವೈರು ನೋಡಿದೆ. ಗುರುಗಳು ಮಾತ್ರ, "ಆ ಕಿವ್ಯಾಗ ಏನಿಟ್ಟೀದಿ, ಅದನ್ನ ಈ ಕಡೆ ತಾ" ಎಂದರು. ಅದಲುಬದಲು ಮಾಡಿ ಇಟ್ಟೆ. ಮತ್ತೆ ಪೂರ್ತಿ ಕೇಳಿದರು.

"ಇದೂ ಅದೇ ಹಾಡು."

"ಹೌದ್ರಿ."

"ಖರೆ ಹಾಡು ಯಾವ್ದು?"

"ಎರಡೂ ಖರೇನ ಅಂತಾರ್ರಿ."

"ಹಂಗಾದ್ರ ಸಾಥ್ ಕೊಡಾವ್ರು ಯಾರು?"

ಎರಡು ಕೈಯನ್ನು ಬೇರೆಬೇರೆ ನುಡಿಸಿ ಕೂಡಿಸಿದ್ದನ್ನು ಆಗ ಹೇಳಿಕೊಂಡೆ. ಅವರು ಬೈಯಲಿಲ್ಲ. ಕೆಳಗಿನ ಸಾಲನ್ನು ಇನ್ನೆರಡು ಸಲ ಕೇಳಿ ಹಾರ್ಮೋನಿಯಂ ಎಳೆದುಕೊಂಡರು.

"ಮ್ಯಾಲಿಂದು ನೀ ಬಾಯಿಲೆ ಹೇಳು. ಕೆಳಗಿಂದು ನಾ ಬಾರಸ್ತೇನಿ."

ಮೊದಲ ಸಲ ಕೆಟ್ಟಿತು. ಜೀವನಪೂರ್ತಿ ಹಾಡುವವರಿಗೆ ಸಾಥ್ ಕೊಟ್ಟ ಬೆರಳುಗಳು, ನಾನು ಎತ್ತ ಹೋದರೆ ಅತ್ತಲೇ ಬರುತ್ತಿದ್ದವು. ಎರಡನೆಯ ಸಲವೂ ಹಾಗೇ ಆಯಿತು. "ನನ್ನ ಹಿಂದ ಬರಬ್ಯಾಡ್ರಿ" ಎಂದೆ. ಗುರುಗಳಿಗೆ ಹೀಗೆ ಮಾಡಿರೆಂದು ನಾನು ಹೇಳಿದ್ದು ಅದೇ ಮೊದಲು; ಹೇಳಿ ನಾಲಿಗೆ ಕಚ್ಚಿಕೊಂಡೆ. ಅವರು ಹಾರ್ಮೋನಿಯಂ ಸಮೇತ ತಿರುಗಿ ಕುಳಿತರು. ಈಗ ಅವರ ಕೇಳದ ಕಿವಿ ನನ್ನ ಕಡೆಗಿತ್ತು.

ಮೂರನೆಯ ಸಲ ಅವರು ಅವರ ದಾರಿ ಹಿಡಿದರು, ನಾನು ನನ್ನದು. ಅವರಿಗೆ ನೆನಪಿದ್ದಷ್ಟು ದೂರ, ಅಂದರೆ ಅರ್ಧ ಪುಟದಷ್ಟು, ಎಲ್ಲೂ ನಿಲ್ಲದೆ ಹೋದೆವು.

"ನಿನ್ನ ದನಿ ನನಗ ಸರಿಯಾಗಿ ಕೇಳಲಿಲ್ಲ. ಕೂಡಿತೇನು?" ಎಂದು ಕೇಳಿದರು.

ನನ್ನ ಸಾಲು ತಪ್ಪೀತೆಂಬ ಭಯದಲ್ಲಿ ನಾನೂ ಅವರದನ್ನು ಕೇಳಿರಲಿಲ್ಲ. ರೆಕಾರ್ಡ್ ಮಾಡಬೇಕೆಂದೂ ಹೊಳೆದಿರಲಿಲ್ಲ. ಇಬ್ಬರೂ ಬಾಗಿಲ ಕಡೆ ನೋಡಿದೆವು.

"ಇಬ್ಬರೂ ಬ್ಯಾರೆ ಬ್ಯಾರೆ ಹೇಳಾಕತ್ತಿದ್ರಿ. ಕೇಳಾಕ ಬ್ಯಾಸರ ಆಗಲಿಲ್ಲ" ಎಂದರು ಗುರುಪತ್ನಿ, ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತ.

ಅದು ಹೌದೆಂದೋ ಅಲ್ಲವೆಂದೋ ಇವತ್ತಿಗೂ ಬಗೆಹರಿದಿಲ್ಲ. ಊಟ ಮಾಡಿಸಿಯೇ ಕಳಿಸಿದರು. ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ ಗಂಡನ ಫೋನು ಬಂತು.

"ಏನಂದ್ರು?"

"ಮುಂದಿನ ವಾರ ಮತ್ತ ಬಾ ಅಂದಾರ್ರಿ" ಎಂದೆ.