ಆರಿದ್ರಾ ನಕ್ಷತ್ರ ಈಗ ಎಲ್ಲಿದೆ?

ಕೇಳಿ ಮಾರಾಯರೇ, ಇವತ್ತು ನನ್ನ ತರಗತಿಯಲ್ಲಿ ಗದ್ದೆ ಕೆಲಸದ ಬೈರಕ್ಕ ಮಕ್ಕಳಿಗೆ ಮಳೆ ನಕ್ಷತ್ರಗಳ ಪಾಠ ಹೇಳುತ್ತಿದ್ದಳು. ನಾನೇ ಕರೆಸಿದ್ದೆ. ಮೇಷ್ಟ್ರಾದರೂ ನನಗೆ ಅವಳಷ್ಟು ಗೊತ್ತಿಲ್ಲ. ಅಷ್ಟರಲ್ಲಿ ಇದ್ದಿಲ ಹೊಗೆಯಿಂದ ಓಡುವ ಕೊಪ್ಪದ ಬಸ್ಸಿನಿಂದ ಇಳಿದ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ಒಳಗೆ ಬಂದರು.

“ಇದು ವಿಜ್ಞಾನವೇನ್ರೀ ಮೇಷ್ಟ್ರೇ?” ಎಂದು ಗದರಿಸಿ, ಮಕ್ಕಳ ಕಡೆ ತಿರುಗಿದರು. “ಈಗ ಆರಿದ್ರಾ ಮಳೆ ತಾನೆ? ಮೋಡ ಸರಿದ ರಾತ್ರಿ ನೆತ್ತಿಯ ಮೇಲೆ ನೋಡಿ, ಆ ನಕ್ಷತ್ರ ಕಾಣುತ್ತೆ.”

ಬೈರಕ್ಕನಿಗೆ ತಡೆಯಲಾಗಲಿಲ್ಲ. “ಎಲ್ಲಿ ಕಾಣ್ತದೆ ಸ್ವಾಮಿ? ಈಗ ಅದು ಸೂರ್ಯನ ಸಂಗಡ ಹುಟ್ತದೆ, ಅವನ ಸಂಗಡವೇ ಮುಳುಗ್ತದೆ. ಅದಕ್ಕೇ ಈ ಮಳೆಗೆ ಅದರ ಹೆಸರು. ರಾತ್ರಿ ನೋಡಬೇಕಂದ್ರೆ ದೀಪಾವಳಿ ಕಳೀಲಿ.”

ಸಾಹೇಬರು ಪಂಚಾಂಗ ತರಿಸಿದರು, ಸೂರ್ಯ ಆರಿದ್ರೆಯಲ್ಲೇ ಇರುವುದನ್ನು ನೋಡಿದರು, ಮಡಚಿಟ್ಟರು. ಆಮೇಲೆ ಶರಾ ಪುಸ್ತಕದಲ್ಲಿ ಬರೆದರು: ‘ಹೊರಗಿನವರನ್ನು ಕೊಠಡಿಯೊಳಗೆ ಬಿಡತಕ್ಕದ್ದಲ್ಲ.’

ಆಗಲಿ. ನಾಳೆಯಿಂದ ಬೈರಕ್ಕ ಶಾಲೆಯ ಜಗಲಿಯಲ್ಲಿ ಕೂರುತ್ತಾಳೆ. ಮಕ್ಕಳೂ ನಾನೂ ಅವಳೆದುರು ಕೂರುತ್ತೇವೆ. ಆಜ್ಞೆಯ ಪ್ರಕಾರ ಕೊಠಡಿಯೊಳಗೆ ಹೊರಗಿನವರು ಯಾರೂ ಇರುವುದಿಲ್ಲ. ಒಳಗಿನವರೂ ಇರುವುದಿಲ್ಲ.